ಹೆದೆಗೆ ಬೇಡವಾದ ಪೊರೆ

ಮೊನ್ನೆ ಹಳೆಯ ಟ್ರಂಕು ತೆಗೆದಾಗ, ಗಾಜಿನ ಸ್ಲೈಡೊಂದಕ್ಕೆ ಸುತ್ತಿಟ್ಟಿದ್ದ ಗೇಣುದ್ದದ ಹೆದೆ ಸಿಕ್ಕಿತು. ಅರಳೆ ಹಿಂಜಿ ಎಕ್ಕುವ ಬಿಲ್ಲಿಗೆ ಕಟ್ಟುವಂಥದ್ದು, ಕುರಿಯ ಕರುಳನ್ನು ಹೊಸೆದು ಮಾಡಿದ್ದು. ಮೂಗಿಗೆ ಹಿಡಿದರೆ ಇನ್ನೂ ಸಣ್ಣಗೆ ಉಪ್ಪುವಾಸನೆ... ಅದರ ಹಿಂದೆಯೇ ಶಿರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಿಂಜಾರ ಚಾಚಾ ಬಂದು ಎದುರಿಗೆ ಕೂತಂತಾಯಿತು.

ಆಗಿನ್ನೂ ಮಹಾರಾಜರ ಕಾಲ. ನಾನು ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಕರುಳಿಗೆ ತನ್ನದೇ ನರಜಾಲವಿದೆ, ಮುಟ್ಟಿದ್ದನ್ನು ಅರಿಯುವ ನರಕೋಶಗಳೂ ಅದರಲ್ಲಿರಬೇಕು ಎಂದು ಓದಿದ್ದೆ. ಅಂಥದೊಂದನ್ನು ತೋರಿಸುತ್ತೇನೆಂದು ತರಗತಿಯಲ್ಲಿ ಹೇಳಿಯೂಬಿಟ್ಟೆ. ರಜೆ ಮುಗಿಯುವಷ್ಟರಲ್ಲಿ ತೋರಿಸು, ಆಗದಿದ್ದರೆ ಆ ಮಾತೆತ್ತಬೇಡ ಎಂದು ಪ್ರೊಫೆಸರು ನಕ್ಕರು. ಕಾಲೇಜಿನ ಹಳೆಯ ಸೂಕ್ಷ್ಮದರ್ಶಕ ಹೊತ್ತು ಊರಿಗೆ ಬಂದೆ.

ಆ ಕೋಶಗಳಿರುವುದು ಕರುಳಿನ ಹೊರಪೊರೆಯ ಒಳಮೈಗೆ ಅಂಟಿಕೊಂಡು. ಕುರಿಯ ಕರುಳು ತಂದು ಬಾವಿನೀರಲ್ಲಿ ತೊಳೆದು, ಆ ಪೊರೆಯನ್ನು ಚಿಮಟದಿಂದ ಕಿತ್ತರೆ ಪ್ರತಿಸಲವೂ ಚೂರುಚೂರು. ರಜೆ ಕರಗುತ್ತಿತ್ತು. ಚಾಚಾ ಮೋಟುಗೋಡೆಯಾಚೆಯಿಂದ ನೋಡುತ್ತಿದ್ದರು.

“ಅರೆ ಡಾಕ್ಟರ್ ಸಾಬ್, ಕೋಳಿ ತಿಪ್ಪೆ ಕೆದರ್ದಂಗೆ ಕೆದರ್ತೀಯಲ್ಲೋ. ತಣ್ಣೀರ್ ಸೋಕಿದ್ರೆ ಕರುಳು ಮುದುರ್ಕಂತದೆ ಕಣಪ್ಪ. ಇಂಗೆ ಕೊಡು.”

ಉಗುರುಬೆಚ್ಚಗಿನ ಉಪ್ಪುನೀರು ತಂದರು. ಆಗತಾನೆ ಕೊಯ್ದ ಕುರಿಯ ಕರುಳನ್ನು ಬಿದಿರುಕಡ್ಡಿಗೆ ತೊಡಿಸಿ, ಒದ್ದೆ ಅರಳೆಯಿಂದ ಪಕ್ಕಕ್ಕೆ ಮೆಲ್ಲಗೆ ಸವರಿದರು. ಹೊರಪೊರೆ ಈರುಳ್ಳಿ ಸಿಪ್ಪೆಯಂತೆ ಇಡಿಯಾಗಿ ಎದ್ದುಬಂತು. ಹೆದೆಗೆ ಅದು ಬೇಡವಾದ್ದರಿಂದ ಅವರ ಕೈ ದಿನವೂ ಸುಲಿದು ಎಸೆಯುತ್ತಿದ್ದ ಪೊರೆ ಅದು.

ಸುಲಿಯದ ಇನ್ನೊಂದು ತುಂಡನ್ನು ಚಿವುಟಿ ತೋರಿಸಿದರು. “ನೋಡು, ಮೇಲ್ಗಡೆ ಬಿಗೀತು, ಕೆಳಗಡೆ ಸಡ್ಲ ಆತು. ಇದಕ್ಕೆ ಹೇಳ್ಕೊಟ್ಟೋರ್ ಯಾರು? ತಲೆ ನೋಡಿದ್ರೆ ಕಸಾಯಿ ಅಂಗ್ಡೀಲಿ ಐತೆ.”

ಪೊರೆಗೆ ನೀಲಿಬಣ್ಣ ಹಾಕಿ ನೋಡಿದೆ. ನುಣುಪು ಮೈಯ, ನಾಲ್ಕಾರು ಉದ್ದ ಎಳೆ ಚಾಚಿದ ದೊಡ್ಡ ಕೋಶ... ಪುಸ್ತಕದ ಚಿತ್ರದಲ್ಲಿದ್ದದ್ದೇ. ಚಾಚಾಗೂ ತೋರಿಸಿದೆ. ಬಹಳ ಹೊತ್ತು ಮಸೂರದಿಂದ ಕಣ್ಣು ಕೀಳಲಿಲ್ಲ.

“ಇಷ್ಟು ವರ್ಷ ಇದನ್ನ ನಾಯಿಗೆ ಹಾಕ್ಬುಟ್ನಲ್ಲೋ” ಎಂದರು. ನಾನು ಹೊರಡುವ ದಿನ ಈ ಹೆದೆಯ ತುಂಡು ಕೈಗಿತ್ತರು.

ಪ್ರೊಫೆಸರು ಸ್ಲೈಡು ನೋಡಿದರು. ಕೋಶ ಸಿಕ್ಕಿದೆ, ಮುಟ್ಟಿದ್ದನ್ನು ಅದೇ ಅರಿಯುತ್ತದೆಂದು ಸಾಧಿಸುವುದು ಇನ್ನೂ ದೂರ ಎಂದರು. ಆಮೇಲೆ, “ಇಷ್ಟು ನೀಟಾಗಿ ನಾನೂ ಸುಲಿದಿಲ್ಲ. ಯಾರ ಕೈಯಯ್ಯಾ ಇದು?” ಎಂದು ಕೇಳಿದರು. ನನ್ನದೇ ಎನ್ನಬಹುದಿತ್ತು. ನಮ್ಮ ಚಾಚಾದು ಸಾರ್, ಶಿರಾದಲ್ಲಿ ಅರಳೆ ಎಕ್ಕುತ್ತಾರೆ ಎಂದೆ. ನನಗೇ ಮೆಡಲು ಬಂದಷ್ಟು ಎದೆಯುಬ್ಬಿತ್ತು. ಮುಂದಿನ ವರ್ಷ ಇಡೀ ತರಗತಿ ಒದ್ದೆ ಅರಳೆಯಲ್ಲೇ ಪೊರೆ ಸುಲಿಯಿತು.

ಚಾಚಾ ಹೋಗಿ ಎಷ್ಟೋ ವರ್ಷವಾಯಿತು. ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೀಲಿ ಪೂರಾ ಮಾಸಿಹೋಗಿ, ಬರೀ ಗಾಜು... ಅಂಚಿನ ಚೀಟಿಯಲ್ಲಿ ಮಾತ್ರ ನನ್ನ ಅಂದಿನ ಅಕ್ಷರ ಹಾಗೆಯೇ ಇದೆ: ‘ಸುಲಿದವರು, ಚಾಚಾ.’