ಸಿಸ್ಟರ್ ಎಳೆಯುತ್ತಿದ್ದ ಶಿಲುಬೆ

ಇವತ್ತು ಬೆಳಿಗ್ಗೆ ಬೇಗೂರಿನ ಬಸ್ಸಿನಲ್ಲಿ ಕಾನ್ವೆಂಟ್ ಹುಡುಗಿಯೊಬ್ಬಳ ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನಾನು ಓದಿದ ಗುಂಡ್ಲುಪೇಟೆಯ ಸಿಸ್ಟರುಗಳ ಶಾಲೆ ನೆನಪಾಯಿತು. ಗೋಡೆಗಳ ಮೇಲೆ ಇನ್ನೂ ಮಹಾರಾಜರ ಪಟವಿದ್ದ ಕಾಲ ಅದು.

ಸಂಜೆ ಗಂಟೆ ಹೊಡೆದ ಮೇಲೆ ನಮ್ಮ ಸಿಸ್ಟರ್ ಬಾಗಿಲಲ್ಲಿ ನಿಂತು, ಪ್ರತಿ ಮಗುವಿನ ಹಣೆಗೂ ಹೆಬ್ಬೆರಳಿನಿಂದ ಶಿಲುಬೆ ಎಳೆದು ಕಳಿಸುತ್ತಿದ್ದರು. ಅಕ್ಷರ ಬಾರದೆ ಅಳುತ್ತಿದ್ದ ನನ್ನ ಕೈ ಹಿಡಿದು ತಿದ್ದಿಸಿದವರೂ ಅವರೇ. ಒಂದು ಸಂಜೆ ನನ್ನ ವಿಭೂತಿಯ ಮೇಲೆ ಆ ಗುರುತು ಹಾಗೇ ಉಳಿದುಬಿಟ್ಟಿತು. ಮನೆಯಲ್ಲಿ ಅದನ್ನು ಕಂಡ ಅಜ್ಜಿ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ತಣ್ಣೀರು ಸುರಿದಳು.

"ನಾಳಿಂದ ಅಣೆ ಮುಟ್ಟಿಸ್ಕಬ್ಯಾಡ ಕಣಮ್ಮಿ. ಸುಮ್ಕೆ ಓಡ್ ಬಂದ್ಬುಡು."

ಅವಳು ಹೇಳಿದ್ದು ಅಷ್ಟೇ. ಮರುದಿನ ಸಿಸ್ಟರ್ ಕೈ ಚಾಚಿದಾಗ ನಾನು ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ, "ಮುಟ್ಟಬ್ಯಾಡಿ ಸಿಸ್ಟರ್, ನಿಮ್ಮ ಕೈ ಮೈಲಿಗೆ," ಎಂದೆ. ಹುಡುಗಿಯರು ನಕ್ಕರು. ನನಗೆ ಹೆಮ್ಮೆಯಾಯಿತು.

"ಸರಿ ಮಗು, ಹುಷಾರಾಗಿ ಹೋಗು," ಎಂದರು ಸಿಸ್ಟರ್. ಆಮೇಲಿನ ದಿನಗಳಲ್ಲಿ ನನ್ನ ಸ್ಲೇಟನ್ನು ದೂರದಿಂದಲೇ ನೋಡಿ ತಪ್ಪು ಹೇಳುತ್ತಿದ್ದರು. ಮತ್ತೆಂದೂ ನನ್ನ ಕೈ ಹಿಡಿಯಲಿಲ್ಲ.

ಈಗ ಸಿಸ್ಟರ್ ಇಲ್ಲ. ಸಾಹಿತ್ಯ ಓದಿದವಳೆಂದು ಶಾಲೆಯವರು ಸ್ಮರಣ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಲು ಕೇಳಿದ್ದಾರೆ. ನಾನು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ. ಅಜ್ಜಿ ಹೇಳಿಕೊಟ್ಟಳು ಎಂದು ಬರೆಯುವುದಿಲ್ಲ.