ಹನ್ನೊಂದು ತುಂಡಿನ ಲೋಕದ ಚರಿತ್ರೆ

ಪಾರ್ವತೆಮ್ಮ ಪುಸ್ತಕ ಓದುವವಳಲ್ಲ, ಪುಸ್ತಕ ಕಾಯುವವಳು. ಪಾಮನಕಲ್ಲೂರಿನಿಂದ ಐದಾರು ಕಿಲೋಮೀಟರ್ ಒಳಗಿರುವ ಒಂದು ಊರಿನ ಪಂಚಾಯಿತಿ ಗ್ರಂಥಾಲಯವನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಬೆಳಿಗ್ಗೆ ಬೀಗ ತೆಗೆದು ಕಸ ಹೊಡೆಯಬೇಕು. ಇರುವ ಒಂದೇ ಪೇಪರನ್ನು ಬಿಡಿಸಿ, ಕಾದು ಕುಳಿತ ಆರು ಜನ ಮುದುಕರಿಗೆ ಒಂದೊಂದು ಹಾಳೆ ಹಂಚಬೇಕು. ಮೊದಲ ಪುಟ ಯಾರಿಗೆ ಎಂಬ ಜಗಳ ಬಿಡಿಸಬೇಕು. ಅಲಮಾರಿಯಲ್ಲಿರುವ ಪುಸ್ತಕಗಳ ಹೆಸರು, ನಂಬರು ಎಲ್ಲ ಅವಳಿಗೆ ಬಾಯಿಪಾಠ. ಒಳಗೇನಿದೆ ಎಂದು ಮಾತ್ರ ಕೇಳಬಾರದು.

ಈ ಮಾರ್ಚ್‌ನಲ್ಲಿ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಆನಂದಕುಮಾರ ಬಂದು ಕುಳಿತರು. ಒಂಬತ್ತನೆಯ ಕ್ಲಾಸಿನ ಮಕ್ಕಳಿಗೆ ಜಗತ್ತಿನ ಯಾವ ಯುದ್ಧದ ಬಗ್ಗೆ ಕೇಳಿದರೂ ಬ್ರಿಟಿಷರನ್ನು ಓಡಿಸಿದೆವು ಎಂದೇ ಬರೆಯುತ್ತಾರಂತೆ. ಬೇಸಿಗೆ ರಜೆಯಲ್ಲಿ ಏನಾದರೂ ಓದಿಸದಿದ್ದರೆ ಹತ್ತನೆಯ ಕ್ಲಾಸಿನಲ್ಲಿ ದೇವರೇ ಗತಿ ಎಂದರು. ಗ್ರಂಥಾಲಯದಲ್ಲಿದ್ದದ್ದು ಏಳುನೂರ ನಾಲ್ಕು ಪುಟದ ಒಂದೇ ಒಂದು ಲೋಕದ ಚರಿತ್ರೆ. ಮಕ್ಕಳು ಇಪ್ಪತ್ತೆರಡು. ಸರದಿಯ ಮೇಲೆ ಕೊಟ್ಟರೆ ಕೊನೆಯವನ ಕೈಗೆ ಪುಸ್ತಕ ಬರುವಷ್ಟರಲ್ಲಿ ಅವನಿಗೆ ಮೀಸೆ ಬಂದಿರುತ್ತಿತ್ತು.

ಪಾರ್ವತೆಮ್ಮ ಹೆಚ್ಚು ಯೋಚಿಸಲಿಲ್ಲ. ಪೇಪರನ್ನು ಹಂಚುವಂತೆಯೇ ಪುಸ್ತಕವನ್ನೂ ಹಂಚಿದಳು. ಬ್ಲೇಡಿನಿಂದ ಬೆನ್ನು ಕುಯ್ದು, ಅರವತ್ತನಾಲ್ಕು ಪುಟಕ್ಕೊಂದರಂತೆ ಹನ್ನೊಂದು ತುಂಡು ಮಾಡಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದಳು. ಒಂದು ತುಂಡಿಗೆ ಇಬ್ಬರು ಮಕ್ಕಳು, ಸೋಮವಾರಕ್ಕೊಮ್ಮೆ ಅದಲುಬದಲು. ಪಾಠ ಎಲ್ಲಿ ಮುಗಿಯುತ್ತದೆ ಎಂದು ಅವಳು ನೋಡಿರಲೇ ಇಲ್ಲ. ಹೀಗಾಗಿ ಒಂದು ತುಂಡು ವಾಕ್ಯದ ನಡುವೆಯೇ ನಿಂತರೆ ಇನ್ನೊಂದು ನಡುವಿನಿಂದಲೇ ಶುರುವಾಗುತ್ತಿತ್ತು. ನಿಂಗರಾಜ ಎಂಬ ಹುಡುಗ ಮಹಾಯುದ್ಧ ಮುಗಿದದ್ದನ್ನು ಮೊದಲು ಓದಿ, ಅದು ಏಕೆ ಶುರುವಾಯಿತು ಎಂದು ತಿಳಿಯಲು ಮೂರು ವಾರ ಕಾದ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ಆದರೆ ಸೋಮವಾರ ಮಕ್ಕಳು ಬಾಗಿಲಲ್ಲಿ ಕಾಯುವುದನ್ನು ನೋಡಿ ಸುಮ್ಮನಾದರು.

ಮೇ ಕೊನೆಯಲ್ಲಿ, ಬರುವ ಸೋಮವಾರ ಪುಸ್ತಕಗಳ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ಫೋನು ಬಂತು. ಪಕ್ಕದ ಊರಿನಲ್ಲಿ ನಾಲ್ಕು ಪುಸ್ತಕ ಹಾಳಾಗಿದ್ದಕ್ಕೆ ಅಲ್ಲಿನ ಗ್ರಂಥಾಲಯದವಳು ಕೆಲಸ ಕಳೆದುಕೊಂಡಿದ್ದಳು. ಭಾನುವಾರದೊಳಗೆ ತುಂಡುಗಳನ್ನು ಒಟ್ಟು ಮಾಡಿ ಗೋಂದು ಹಾಕಿ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೇಷ್ಟ್ರು ಧೈರ್ಯ ಹೇಳಿದರು. ಹತ್ತು ಬಂದವು. ಆರನೆಯದು ಅಂಜಲಿ ಎಂಬ ಹುಡುಗಿಯ ಜೊತೆ ವಳಕಮದಿನ್ನಿಯ ಸೋದರಮಾವನ ಮನೆ ಸೇರಿತ್ತು. ಫೋನು ಮಾಡಿದರೆ, ಮಾವ ಕೊಡಲೊಲ್ಲ ಎಂಬ ಉತ್ತರ.

ಶನಿವಾರ ಮಸ್ಕಿಗೆ, ಅಲ್ಲಿಂದ ಸಿಂಧನೂರಿಗೆ ಬಸ್ಸು, ಮುಂದೆ ಟಂಟಂ ಆಟೋ ಹಿಡಿದು ಪಾರ್ವತೆಮ್ಮ ಹೋದಳು. ಮಾವ ಅಯ್ಯಪ್ಪ ಟ್ರ್ಯಾಕ್ಟರ್ ಹೊಡೆಯುವವನು. ಒಣಹಾಕಿದ ಭತ್ತದ ಪಕ್ಕ ಕುಳಿತು ಕೊನೆಯ ಪುಟವನ್ನೇ ನೋಡುತ್ತಿದ್ದ. ಫ್ರಾನ್ಸಿನ ರಾಜ ವೇಷ ಮರೆಸಿ ಓಡಿಹೋಗುವಾಗ ಜನ ಗಾಡಿ ತಡೆದಿದ್ದರು. ತುಂಡು ಅಲ್ಲಿಗೇ ಮುಗಿದಿತ್ತು.

"ಮುಂದ ಆ ರಾಜನ್ನ ಏನ್ ಮಾಡಿದ್ರರೀ ಅಕ್ಕೋರ?" ಎಂದು ಕೇಳಿದ.

"ನಾ ಓದಿಲ್ಲಪ್ಪ."

"ನೀವ ಹೊಲದೀರಿ ಅಂದ್ಲು ನಮ್ಮ ಅಂಜಲಿ."

"ಹೊಲದೀನಿ. ಓದಿಲ್ಲ."

ಅವನು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ನಾಳೆ ಫೋನು ಮಾಡಿ ಹೇಳುತ್ತೇನೆ ಎಂದು ಮಾತು ಕೊಟ್ಟು, ತುಂಡು ತೆಗೆದುಕೊಂಡು ಎದ್ದಳು. ದಾರಿಯುದ್ದಕ್ಕೂ ಅವಳಿಗೆ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಗೋಂದು ಕಲಸಿಟ್ಟು, ಅಯ್ಯಪ್ಪನಿಗೆ ಹೇಳಲೆಂದು ಏಳನೆಯ ತುಂಡು ತೆರೆದಳು. ರಾಜನ ತಲೆ ತೆಗೆದದ್ದು ಬೇಗನೆ ಸಿಕ್ಕಿತು, ಫೋನು ಮಾಡಿ ಹೇಳಿದಳು. ಆದರೆ ಆ ಜನಕ್ಕೆ ಅಷ್ಟು ಸಿಟ್ಟು ಏಕೆ? ಆರನೆಯದನ್ನು ಹಿಡಿದಳು. ರೊಟ್ಟಿಗಾಗಿ ಹೆಂಗಸರೇ ಮಳೆಯಲ್ಲಿ ನಡೆದು ಅರಮನೆಗೆ ನುಗ್ಗಿದ್ದನ್ನು ಎರಡು ಸಲ ಓದಿದಳು. ಆಮೇಲೆ ಐದನೆಯದು. ಮಧ್ಯಾಹ್ನದ ಊಟ ಮರೆತುಹೋಯಿತು, ಗೋಂದು ಬಟ್ಟಲಲ್ಲೇ ಗಟ್ಟಿಯಾಯಿತು. ಸೋಮವಾರ ಸಾಹೇಬರು ಒಳಗೆ ಬಂದಾಗ ಮೇಜಿನ ಮೇಲೆ ಹನ್ನೊಂದು ತುಂಡುಗಳು ಇದ್ದಂತೆಯೇ ಇದ್ದವು.

ಸಾಹೇಬರು ಬೈಯಲಿಲ್ಲ. ಸರ್ಕಾರಿ ಪುಸ್ತಕ ಕುಯ್ದಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು, ಮೂರು ದಿನದಲ್ಲಿ ಲಿಖಿತ ಸಮಜಾಯಿಷಿ ಕೊಡಿ ಎಂದು ನೋಟಿಸು ಬರೆದಿಟ್ಟು ಹೋದರು. ಗೆದ್ದಲು ಹತ್ತಿ ಬೆನ್ನು ಬಿಚ್ಚಿತ್ತು, ಉಳಿಸಲೆಂದು ಹೊಲಿದೆ ಎಂದು ಮೇಷ್ಟ್ರು ಒಳ್ಳೆಯ ಕನ್ನಡದಲ್ಲಿ ಬರೆದುಕೊಟ್ಟರು, ಸಹಿ ಹಾಕಿದರೆ ಸಾಕಿತ್ತು. ಪಾರ್ವತೆಮ್ಮ ಅದನ್ನು ಮಡಚಿ ಪಕ್ಕಕ್ಕಿಟ್ಟು, ತನ್ನ ದಪ್ಪ ಅಕ್ಷರದಲ್ಲಿ ತಾನೇ ಬರೆದಳು:

"ಪುಸ್ತಕ ಕುಯ್ದವಳು ನಾನೇ. ಹನ್ನೆರಡು ವರ್ಷದಲ್ಲಿ ಇದನ್ನು ಒಬ್ಬರೂ ಒಯ್ದಿಲ್ಲ, ರಿಜಿಸ್ಟರ್ ನೋಡಬಹುದು. ಈ ಬೇಸಿಗೆಯಲ್ಲಿ ಇಪ್ಪತ್ತೆರಡು ಮಕ್ಕಳು, ಒಬ್ಬ ಟ್ರ್ಯಾಕ್ಟರಿನವನು, ಒಟ್ಟು ಇಪ್ಪತ್ತಮೂರು ಜನ ಓದಿದ್ದಾರೆ. ಇಪ್ಪತ್ತನಾಲ್ಕನೆಯವಳು ನಾನು. ನನಗೆ ಇನ್ನೂ ಎಂಟು ತುಂಡು ಬಾಕಿ ಇವೆ. ಅವು ಮುಗಿಯುವವರೆಗಾದರೂ ನನ್ನನ್ನು ತೆಗೆಯಬಾರದೆಂದು ವಿನಂತಿ."