ಕೇಸು ಹಾಕುವವರಿಗೊಂದು ಹಾಳೆ

ದಹಿಸರ್‌ನ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬೈಕುಲ್ಲಾದ ಪ್ರೆಸ್ಸಿನ ಶೆಟ್ಟರು ಕೂಗಾಡುತ್ತ ಬಂದರು. ಅವರ ಕಂಪ್ಯೂಟರ್ ಮೆಷಿನ್ ನಾನು ರಿಪೇರಿ ಮಾಡಿಕೊಟ್ಟು ನಾಲ್ಕು ದಿನವಾಗಿತ್ತು.

"ಲಗ್ನಪತ್ರಿಕೆ ಎಲ್ಲ ಅಳಿಸಿಹೋಗಿದೆ. ಕೋರ್ಟಿಗೆ ಎಳೀತೇನೆ. ಅಂಗಡಿ ಮುಚ್ಚಿಸ್ತೇನೆ!"

ಅಂಗಡಿ ಮುಚ್ಚಿದರೆ ಮುಗಿಯಿತು; ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ನನ್ನ ಹೆಂಡತಿ ಮಾತ್ರ ಸ್ಟೂಲು ಎಳೆದು, ಹಾಳೆ ಪೆನ್ನು ಇಟ್ಟಳು.

"ಕೇಸು ಹಾಕಿ ಅಣ್ಣಾ. ಮೊದಲ ದಿನದಿಂದ ಏನೇನಾಯ್ತು ಅಂತ ವಕೀಲರು ಕೇಳೇ ಕೇಳ್ತಾರೆ. ಬರೀರಿ."

ಶೆಟ್ಟರು ಇಂಗ್ಲಿಷಿನಲ್ಲಿ ರಭಸದಿಂದ ಬರೆದರು. ಅವಳು ಪಕ್ಕದಲ್ಲಿ ನಿಂತು, ಇಂಗ್ಲಿಷ್ ಓದಲು ಬಾರದ ನನಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದಳು. "ಸೋಮವಾರ ಮೆಷಿನ್ ಬಂತು. ಎಲ್ಲ ಸರಿ ಇತ್ತು. ಮಂಗಳವಾರವೂ ಸರಿ. ಬುಧವಾರ ಭಾವಮೈದುನ ಆಟದ ಫ್ಲಾಪಿ ಹಾಕಿದ..."

ಪೆನ್ನು ನಿಂತಿತು.

"ಆಮೇಲೆ ಅಣ್ಣಾ?"

"ಆಮೇಲೆ ಎಂಥದು ಮಾರಾಯ್ತಿ! ಅವನ ಫ್ಲಾಪಿಯಿಂದಲೇ ವೈರಸ್ ಬಂದದ್ದು." ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ಅವಳು ನಗಲಿಲ್ಲ. ಚಹಾ ತರಿಸಿದಳು. ಹಾಗೆ ನಗದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳು ತೀರಿಹೋಗಿ ವರ್ಷವಾಯಿತು. ಮೊನ್ನೆ ಇನ್ನೊಬ್ಬರು ಕೇಸು ಹಾಕುತ್ತೇನೆ ಎಂದರು. ನಾನೂ ಹಾಳೆ ಪೆನ್ನು ಕೊಟ್ಟೆ. ಎರಡು ಪುಟ ಇಂಗ್ಲಿಷ್ ಬರೆದು ನನ್ನ ಕೈಗಿಟ್ಟರು. ಓದಿ ಹೇಳುವವಳಿಲ್ಲ. ತೆಪ್ಪಗೆ ಮೆಷಿನ್ ಬಿಚ್ಚಿ ಇನ್ನೊಮ್ಮೆ ರಿಪೇರಿ ಮಾಡಿಕೊಟ್ಟೆ.